ಹಳೇ ಉಗಿ ಎಂಜಿನ್‌ಗೆ ಅದರದೇ ಬಣ್ಣ: ಕೆರೆಯುವುದರಿಂದ ಗೆರೆ ಎಳೆಯುವವರೆಗೆ

ಪ್ರದರ್ಶನಕ್ಕೆ ನಿಲ್ಲಿಸಿದ ಉಗಿ ರೈಲು ಎಂಜಿನ್‌ಗೆ ನಮ್ಮ ಕಡೆ ಹೇಗೆ ಬಣ್ಣ ಹೊಡೆಯುತ್ತಾರೆ ಅಂತ ನೀವೂ ನೋಡಿರುತ್ತೀರಿ. ಯಾರೋ ದೊಡ್ಡವರು ಬರುತ್ತಾರೆ ಅಂತ ಸುದ್ದಿ ಬರುತ್ತದೆ. ಅಂಗಡಿಯಿಂದ ಡಬ್ಬಗಳು ಬರುತ್ತವೆ. ಧೂಳಿನ ಮೇಲೇ ಬ್ರಶ್ ಓಡುತ್ತದೆ. ಚಕ್ರಕ್ಕೆ ಕೆಂಪು, ಬಾಯ್ಲರ್‌ಗೆ ಹಸಿರು, ಹಿಡಿಕಂಬಿಗೆ ಬೆಳ್ಳಿ ಬಣ್ಣ, ಹಿತ್ತಾಳೆ ಫಲಕದ ಮೇಲೂ ಒಂದು ಕೋಟ್. ದೂರದಿಂದ ನೋಡಿದರೆ ಚೆನ್ನಾಗೇ ಇರುತ್ತದೆ. ಆದರೆ ಓಡಾಡುತ್ತಿದ್ದ ಕಾಲದಲ್ಲಿ ಆ ಎಂಜಿನ್ ಒಂದು ದಿನವೂ ಹಾಗೆ ಕಂಡಿರಲಿಲ್ಲ.

ಮೈಸೂರು, ಮಂಡ್ಯದ ಕಡೆ ಹಳೇ ಎಂಜಿನ್ ಮೇಲೆ ಪ್ರೀತಿ ಇಟ್ಟುಕೊಂಡವರಿಗೆ ಅಂತ ಇದನ್ನು ಬರೆದಿದ್ದೇನೆ. ನಿಂತ ಎಂಜಿನ್‌ಗೆ ಅದರ ಹಳೇ ಬಣ್ಣವನ್ನೇ ಮತ್ತೆ ಹಾಕುವ ಕೆಲಸ ಇದು. ಇದರಲ್ಲಿ ಬ್ರಶ್ ಹಿಡಿಯುವ ಹೊತ್ತು ಕಮ್ಮಿ. ಜಾಸ್ತಿ ಹೊತ್ತು ಹೋಗುವುದು ಹುಡುಕುವುದಕ್ಕೆ, ತೊಳೆಯುವುದಕ್ಕೆ, ಉಜ್ಜುವುದಕ್ಕೆ.

ಮೊದಲು ಒಂದು ವರ್ಷ ಆರಿಸಿ

ಯಾವ ಬಣ್ಣ ಅಂತ ಕೇಳುವ ಮುಂಚೆ ಯಾವ ವರ್ಷದ ಬಣ್ಣ ಅಂತ ಕೇಳಿಕೊಳ್ಳಿ. ಹುಟ್ಟಿದ ಬಣ್ಣದಲ್ಲೇ ನಿವೃತ್ತಿಯಾದ ಎಂಜಿನ್ ಅಪರೂಪ. ಬೆಂಗಳೂರು–ಮೈಸೂರು ಮೀಟರ್ ಗೇಜ್ ದಾರಿ 1882ರಲ್ಲಿ ಪೂರ್ತಿಯಾಯಿತು. ಆಮೇಲೆ ಅದನ್ನು ಕೆಲವು ಕಾಲ ಸದರ್ನ್ ಮರಾಠಾ ಕಂಪನಿ ನಡೆಸಿತು, ಮುಂದೆ ಸಂಸ್ಥಾನವೇ ನಡೆಸಿತು. 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಇಷ್ಟೂ ಕಾಲ ಬದುಕಿದ ಎಂಜಿನ್ ಆದರೆ ಅದರ ಮೈಮೇಲೆ ಒಂದರ ಮೇಲೊಂದು ಯಜಮಾನರ ಬಣ್ಣ ಕೂತಿರುತ್ತದೆ. ನಡುವೆ ಎಷ್ಟೋ ಸಲ ಕಾರ್ಖಾನೆಗೂ ಹೋಗಿ ಬಂದಿರುತ್ತದೆ. 1924ರಲ್ಲಿ ಶುರುವಾದ ನಮ್ಮ ಅಶೋಕಪುರಂ ಕಡೆಯ ರೈಲ್ವೆ ಕಾರ್ಖಾನೆಯಂಥ ಕಡೆ ಪ್ರತಿ ದೊಡ್ಡ ರಿಪೇರಿಗೂ ಹೊಸ ಬಣ್ಣ ಆಗುತ್ತಿತ್ತು.

ಹಾಗಾಗಿ ಒಂದು ಕಾಲ ಆರಿಸಿ, ಎಲ್ಲವನ್ನೂ ಅದಕ್ಕೇ ಹೊಂದಿಸಿ. ಸಂಸ್ಥಾನದ ಕಾಲದ ಅಕ್ಷರ, 1951ರ ನಂತರದ ನಂಬರು, ಅದಕ್ಕೂ ಆಮೇಲೆ ಬಂದ ವಿದ್ಯುತ್ ದೀಪ, ಮೂರೂ ಒಂದೇ ಎಂಜಿನ್ ಮೇಲೆ ಕೂತರೆ ಅದು ಯಾವ ಕಾಲಕ್ಕೂ ಸೇರದ ಎಂಜಿನ್. ನನ್ನ ಅಭಿಪ್ರಾಯ ಇಷ್ಟು: ಎಂಜಿನ್‌ನ ದೀಪ, ಬ್ರೇಕ್ ಸಾಮಾನು, ಚಿಮಣಿ ಎಲ್ಲ ನಂತರದ ಕಾಲದವಾಗಿದ್ದರೆ ಹುಟ್ಟುಬಣ್ಣದ ಆಸೆ ಬಿಡಿ. ಕೆಲಸದಲ್ಲಿದ್ದ ಕೊನೆಯ ವರ್ಷಗಳ ಬಣ್ಣವೇ ಅದಕ್ಕೆ ಸರಿ. ನೋಡಲು ಅದು ಬರೀ ಕಪ್ಪಾಗಿದ್ದರೂ ಸರಿ.

ಕಪ್ಪು ಅಂದಾಗ ಕೆಲವರಿಗೆ ಬೇಜಾರು. ಸ್ವಾತಂತ್ರ್ಯದ ನಂತರ ಬಂದ ವೈಪಿ, ವೈಜಿ ದರ್ಜೆಯ ಮೀಟರ್ ಗೇಜ್ ಎಂಜಿನ್‌ಗಳು ಬಹುಪಾಲು ಕಪ್ಪಗೇ ಓಡಾಡಿದವು. ಅವುಗಳ ಅಂದವೆಲ್ಲ ಕೆಂಪು ಬಫರ್ ಬೀಮ್‌ನಲ್ಲಿ (ಎಂಜಿನ್ ತುದಿಯ ಅಡ್ಡ ತೊಲೆ), ಹೊಳೆಯುವ ರಾಡ್‌ಗಳಲ್ಲಿ, ಹಿತ್ತಾಳೆಯಲ್ಲಿ, ನಂಬರಿನ ಅಕ್ಷರದಲ್ಲಿ. ಅದನ್ನು ನೀಟಾಗಿ ಮಾಡಿದರೆ ಹಸಿರು, ನೀಲಿ ಯಾವುದೂ ಬೇಕಾಗಲ್ಲ.

ಅನುಮತಿ, ಆಮೇಲೆ ಕ್ಯಾಮೆರಾ

ಎಂಜಿನ್ ರೈಲ್ವೆಯದು, ಇಲ್ಲವೇ ಯಾವುದೋ ಸಂಸ್ಥೆಯದು. ಬರಹದಲ್ಲಿ ಅನುಮತಿ ಇಲ್ಲದೆ ಉಗುರಿನಿಂದಲೂ ಕೆರೆಯಬೇಡಿ. ಪತ್ರದಲ್ಲಿ ಬಣ್ಣ ಹಾಕುತ್ತೇವೆ ಅಂತ ಮಾತ್ರ ಬರೆದರೆ ಸಾಲದು. ಹಳೇ ಪದರ ಪರೀಕ್ಷೆ ಮಾಡುತ್ತೇವೆ, ಫಲಕ ಬಿಚ್ಚುತ್ತೇವೆ ಅಂತಲೂ ಸೇರಿಸಿ.

ಅನುಮತಿ ಬಂದ ಮೇಲೆ ತೊಳೆಯುವುದಕ್ಕೂ ಮುಂಚೆ ಫೋಟೋ ತೆಗೆಯಿರಿ. ನೇರ ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಸಣ್ಣ ಬರಹಗಳನ್ನು ಬಿಡಬೇಡಿ. ಕ್ಯಾಬ್ (ಚಾಲಕ ನಿಲ್ಲುವ ಕೋಣೆ) ಅಥವಾ ಟೆಂಡರ್ (ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿ) ಮೂಲೆಯಲ್ಲಿ ಕೊನೆಯ ಪಿಒಎಚ್, ಅಂದರೆ ಕಾರ್ಖಾನೆಯ ದೊಡ್ಡ ರಿಪೇರಿಯ ತಾರೀಕು, ಶೆಡ್ ಹೆಸರು ಸ್ಟೆನ್ಸಿಲ್‌ನಲ್ಲಿ ಇದ್ದಿರಬಹುದು. ಮೇಲೆ ಬಣ್ಣ ಬಳಿದಿದ್ದರೂ ಅಕ್ಷರದ ಅಂಚು ಸ್ವಲ್ಪ ಉಬ್ಬಿರುತ್ತದೆ. ರಾತ್ರಿ ಟಾರ್ಚನ್ನು ತಗಡಿಗೆ ಒರಗಿಸಿದಂತೆ ಅಡ್ಡಕ್ಕೆ ಹಿಡಿದರೆ ಆ ಉಬ್ಬು ನೆರಳಾಗಿ ಎದ್ದು ಕಾಣುತ್ತದೆ. ಬೆಣ್ಣೆ ಕಾಗದ ಇಟ್ಟು ಅದರ ನಕಲು ತೆಗೆದುಕೊಳ್ಳಿ. ಒಂದು ಸಲ ಉಜ್ಜಿದರೆ ಅದು ಮತ್ತೆ ಸಿಗುವುದಿಲ್ಲ.

ಕಪ್ಪುಬಿಳುಪು ಫೋಟೋವನ್ನು ಪೂರ್ತಿ ನಂಬಬೇಡಿ

ಹಳೇ ಚಿತ್ರ ಸಿಕ್ಕಿತು ಅಂದ ತಕ್ಷಣ ಖುಷಿಯಾಗುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಎಂಜಿನ್ ಕಟ್ಟಿದ ಕಂಪನಿಗಳು ಫ್ಯಾಕ್ಟರಿಯ ಫೋಟೋಗಾಗಿ ಎಂಜಿನ್‌ಗೆ ಮಂಕು ಬೂದುಬಣ್ಣ ಬಳಿಯುತ್ತಿದ್ದವು. ಬೂದು ಮೈಮೇಲೆ ರಿವೆಟ್, ಪೈಪು ಎಲ್ಲ ಸ್ಪಷ್ಟವಾಗಿ ಕಾಣಲಿ ಅಂತ. ಫೋಟೋ ಆದ ಮೇಲೆ ನಿಜವಾದ ಬಣ್ಣ ಬರುತ್ತಿತ್ತು. ಆ ಬೂದು ಚಿತ್ರ ನೋಡಿ ಎಂಜಿನ್ ತಿಳಿಬಣ್ಣದ್ದಾಗಿತ್ತು ಅಂದುಕೊಂಡರೆ ಕೆಟ್ಟಿತು.

ಇನ್ನೊಂದು ತೊಡಕು ಫಿಲ್ಮ್‌ನದು. ಹಳೇ ಕಾಲದ ಆರ್ಥೋಕ್ರೋಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಬಫರ್ ಬೀಮ್ ಅದರಲ್ಲಿ ಕಪ್ಪಗೆ ಬೀಳುತ್ತದೆ, ನೀಲಿ ತೆಳುವಾಗಿ ಬೀಳುತ್ತದೆ. ಬಣ್ಣ ಗುರುತಿಸಲು ಆ ಚಿತ್ರ ಕೆಲಸಕ್ಕೆ ಬಾರದು. ಆದರೆ ಗೆರೆ ಎಲ್ಲಿತ್ತು, ಮೂಲೆ ದುಂಡಗಿತ್ತೋ ಚೂಪಾಗಿತ್ತೋ, ಅಕ್ಷರ ಎಷ್ಟು ಎತ್ತರ ಇತ್ತು ಅಂತ ತಿಳಿಯಲು ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ.

ಅಳತೆ ತೆಗೆಯುವುದು ಸುಲಭ. ಗೊತ್ತಿರುವ ಒಂದು ಅಳತೆಯನ್ನು ಹಿಡಿದುಕೊಳ್ಳಿ. ವೈಪಿ ಎಂಜಿನ್‌ನ ದೊಡ್ಡ ಚಕ್ರದ ವ್ಯಾಸ ಹೊಸದರಲ್ಲಿ 1372 ಮಿಲಿಮೀಟರ್, ವೈಜಿಯದು 1219. ಆದರೆ ಚಕ್ರದ ಪಟ್ಟಿ ಸವೆಯುತ್ತದೆ, ಕಡೆದು ಸರಿಮಾಡುತ್ತಾರೆ, ವ್ಯಾಸ ಕಮ್ಮಿಯಾಗುತ್ತದೆ. ಅದಕ್ಕೇ ಕ್ಯಾಬ್ ತಗಡಿನ ಎರಡು ರಿವೆಟ್ ಸಾಲಿನ ನಡುವಿನ ದೂರ ಅಥವಾ ಕಿಟಕಿಯ ಅಗಲ ಹಿಡಿಯುವುದು ವಾಸಿ. ಅವು ಬದಲಾಗಲ್ಲ. ಗೆರೆಗೆ ಹತ್ತಿರ ಇರುವ ಅಳತೆಯನ್ನೇ ಹಿಡಿಯಿರಿ, ದೂರದ್ದಾದರೆ ಚಿತ್ರದ ಓರೆಯಿಂದ ಲೆಕ್ಕ ತಪ್ಪುತ್ತದೆ.

ಕಾಗದಪತ್ರಕ್ಕೆ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಆಡಳಿತ ವರದಿಗಳನ್ನು ತಿರುವಿ ನೋಡಿ. ನಿವೃತ್ತ ಲೋಕೋ ಸಿಬ್ಬಂದಿಯ ಮನೆಯ ಆಲ್ಬಮ್‌ಗಳೂ ಬೇಕು. ಅಲ್ಲಿ ಸಿಗುವುದು ಸಾಮಾನ್ಯವಾಗಿ ಎಂಜಿನ್ ಮುಂದೆ ನಿಂತ ಗುಂಪಿನ ಫೋಟೋ. ಜನರ ಹಿಂದೆ ಇಣುಕುವ ನಂಬರು ಫಲಕ ನಿಮಗೆ ಬೇಕಾದ್ದು.

ಒಂದು ರೂಪಾಯಿ ನಾಣ್ಯದಷ್ಟು ಜಾಗ

ಕೊನೆಗೆ ಖಚಿತ ಸಾಕ್ಷಿ ಸಿಗುವುದು ಎಂಜಿನ್ ಮೈಮೇಲೇ. ಈ ಭಾಗವನ್ನು ಅವಸರದಲ್ಲಿ ಮಾಡಬೇಡಿ.

ಬಿಸಿಲು, ಮಳೆ, ಉಜ್ಜಾಟ ತಾಗದ ಜಾಗ ಹುಡುಕಿ. ನಂಬರು ಫಲಕದ ಹಿಂಭಾಗ, ಟೂಲ್ ಬಾಕ್ಸ್ ಮುಚ್ಚಳದ ಒಳಗೆ, ಕ್ಯಾಬ್ ಚಾವಣಿಯ ಮಡಿಕೆ, ಹಿಡಿಕಂಬಿಯ ಬ್ರಾಕೆಟ್ ಬುಡ, ದೀಪ ಸಿಕ್ಕಿಸುವ ಕೊಂಡಿಯ ಹಿಂದೆ. ಟೆಂಡರ್‌ನಿಂದ ಬೇರೆ ಮಾದರಿ, ಎಂಜಿನ್‌ನಿಂದ ಬೇರೆ ಮಾದರಿ ತೆಗೆಯಿರಿ. ಕಾರ್ಖಾನೆಯಲ್ಲಿ ಟೆಂಡರ್‌ಗಳು ಅದಲುಬದಲಾಗುತ್ತಿದ್ದವು. ಈಗ ಜೊತೆಗಿರುವ ಟೆಂಡರ್ ಬೇರೆ ಎಂಜಿನ್‌ದಾಗಿರಬಹುದು. ಅದರಡಿಯ ಬಣ್ಣವನ್ನು ಇದರ ಬಣ್ಣ ಅಂತ ತಿಳಿದರೆ ಕಥೆಯೇ ಬೇರೆಯಾಗುತ್ತದೆ.

ಜಾಗವನ್ನು ಸೋಪುನೀರಿನಿಂದ ಒರೆಸಿ. 400 ನಂಬರಿನ ನೀರು ತಾಳುವ ಉಪ್ಪು ಕಾಗದವನ್ನು ಬೆರಳ ತುದಿಗೆ ಸುತ್ತಿ, ನೀರು ಹಾಕುತ್ತಾ, ನಾಣ್ಯದಷ್ಟು ಜಾಗದಲ್ಲಿ ಸುತ್ತಸುತ್ತ ಉಜ್ಜಿ. ನಡುವೆ ಒತ್ತು ಜಾಸ್ತಿ, ಅಂಚಿಗೆ ಕಮ್ಮಿ. ಮಧ್ಯದಲ್ಲಿ ಲೋಹ ಕಂಡಾಗ ನಿಲ್ಲಿಸಿ. ಆಮೇಲೆ 1000, 1500 ನಂಬರಿನ ಕಾಗದದಿಂದ ನುಣುಪು ಮಾಡಿ. ಈಗ ಪದರಗಳೆಲ್ಲ ಬಳೆಬಳೆಯಾಗಿ ಕಾಣುತ್ತವೆ. ಹೊರಗಿನ ಬಳೆ ಇತ್ತೀಚಿನದು, ಒಳಗೆ ಹೋದಂತೆ ಹಳೆಯದು.

ಇನ್ನು ಓದುವ ಕೆಲಸ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಲೋಹಕ್ಕೆ ಅಂಟಿದ ಕೇಸರಿ ಮಿಶ್ರಿತ ಕೆಂಪು ಕಂಡರೆ ಅದು ಬಹುಶಃ ಸೀಸದ ಪ್ರೈಮರ್. ಇಟ್ಟಿಗೆ ಕಂದು ಆದರೆ ರೆಡ್ ಆಕ್ಸೈಡ್. ಅದರ ಮೇಲೆ ಬೂದು ಅಥವಾ ಮಂಕು ಪದರ, ಆಮೇಲೆ ಮೇಲ್ಬಣ್ಣ. ಎಲ್ಲರೂ ಎಡವುವುದು ಈ ಮಂಕು ಪದರದಲ್ಲೇ. ಅದು ಅಡಿಕೋಟೋ, ಎಂಜಿನ್ ನಿಜವಾಗಿ ಹೊತ್ತು ತಿರುಗಿದ ಬಣ್ಣವೋ? ಕೊಳೆಯ ಗೆರೆ ನೋಡಿ. ಓಡಾಡಿದ ಬಣ್ಣದ ಮೇಲೆ ಮಸಿ, ಎಣ್ಣೆ, ಧೂಳು ಕೂತಿರುತ್ತದೆ. ಮುಂದಿನ ಪದರ ಶುರುವಾಗುವ ಮುಂಚೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಅಡಿಕೋಟ್ ಮೇಲೆ ಆ ಗೆರೆ ಇರಲ್ಲ, ಯಾಕೆಂದರೆ ಅದರ ಮೇಲೆ ಒಂದೆರಡು ದಿನದಲ್ಲೇ ಮೇಲ್ಬಣ್ಣ ಬಿದ್ದಿರುತ್ತದೆ. ಕೊಳೆ ಗೆರೆಗಳನ್ನು ಎಣಿಸಿದರೆ ಎಂಜಿನ್ ಎಷ್ಟು ಸಲ ಬಣ್ಣ ಬದಲಿಸಿತು ಅಂತ ಅಂದಾಜು ಸಿಗುತ್ತದೆ.

ಹೊಳಪಿನ, ಜೇನುಬಣ್ಣದ ತೆಳು ಪದರ ಕಂಡರೆ ಅದು ವಾರ್ನಿಷ್. ಹಳೇ ವಾರ್ನಿಷ್ ಹಳದಿಗೆ ತಿರುಗುತ್ತದೆ. ಅದರಡಿಯ ನೀಲಿ ಹಸಿರಾಗಿ ಕಾಣಬಹುದು. ವಾರ್ನಿಷ್ ಸವೆಸಿದ ಮೇಲೆಯೇ ಬಣ್ಣ ಓದಿ.

ಇನ್ನೊಂದು ವಿಷಯ. ಅಗಸೆ ಎಣ್ಣೆಯ ಬಣ್ಣ ಕತ್ತಲಲ್ಲಿ ಮುಚ್ಚಿಕೊಂಡಿದ್ದರೆ ಹಳದಿಯಾಗಿ ಕಪ್ಪೇರುತ್ತದೆ. ಕೆರೆದ ಜಾಗಕ್ಕೆ ಕೆಲವು ದಿನ ನೆರಳಿನ ಬೆಳಕು ಬೀಳಲು ಬಿಡಿ. ಸ್ವಲ್ಪ ತಿಳಿಯಾಗುತ್ತದೆ. ಆಮೇಲೆ ಒಂದು ತೊಟ್ಟು ತಿಳಿ ಎಣ್ಣೆ ಸವರಿದರೆ ಹೊಸದರಲ್ಲಿ ಹೇಗಿತ್ತು ಅನ್ನುವುದಕ್ಕೆ ಹತ್ತಿರದ ಬಣ್ಣ ಬರುತ್ತದೆ. ಒಂದೇ ಜಾಗದ ಸಾಕ್ಷಿ ಸಾಲದು. ಬೇರೆ ಬೇರೆ ಜಾಗದಲ್ಲಿ ಅದೇ ಪದರ ಅದೇ ಕ್ರಮದಲ್ಲಿ ಬಂದರೆ ಮಾತ್ರ ಒಪ್ಪಿ.

ಬಣ್ಣ ಹೊಂದಿಸುವುದು

ಮೊಬೈಲ್ ಫೋಟೋ ತೋರಿಸಿ ಅಂಗಡಿಯಲ್ಲಿ ಬಣ್ಣ ಕಲಸಿಸಬೇಡಿ. ಕೆರೆದ ಜಾಗದ ಪಕ್ಕಕ್ಕೇ ಬಣ್ಣದ ಕಾರ್ಡು ಹಿಡಿದು, ನೆರಳಿನ ಹಗಲು ಬೆಳಕಲ್ಲಿ, ಇಬ್ಬರು ಮೂವರು ಬೇರೆ ಬೇರೆಯಾಗಿ ನೋಡಿ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಐಎಸ್ 5 ಅನ್ನುವ ಭಾರತೀಯ ಮಾನಕದ ಬಣ್ಣಗಳಿವೆ. 537 ಅಂದರೆ ಸಿಗ್ನಲ್ ರೆಡ್, 356 ಅಂದರೆ ಗೋಲ್ಡನ್ ಯೆಲ್ಲೋ. ರೈಲ್ವೆಯಂಥ ಕಡೆ ಬಣ್ಣಕ್ಕೆ ಹೆಸರಿಗಿಂತ ನಂಬರೇ ಭದ್ರ. ಬ್ರಿಟಿಷ್ ಕಾಲದ ಎಂಜಿನ್‌ಗೆ ಅವರ ಬಿಎಸ್ 381ಸಿ ಕಾರ್ಡನ್ನೂ ನೋಡಿ. ಹಾಗಂತ ಸಂಸ್ಥಾನದ ಕಾಲದ ಬಣ್ಣವೆಲ್ಲ ಹಡಗಿನಲ್ಲೇ ಬಂತು ಅಂದುಕೊಳ್ಳಬೇಡಿ. ಈಗ ಚುನಾವಣೆ ಶಾಯಿಗೆ ಹೆಸರಾದ ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲೇ ಶುರುವಾಗಿತ್ತು. ಊರಿನ ಬಣ್ಣ ವಿದೇಶಿ ಕಾರ್ಡಿಗೆ ಸರಿಹೊಂದಲೇಬೇಕು ಅಂತಿಲ್ಲ.

ಹಳೇ ಹಸಿರುಗಳಲ್ಲಿ ಹಲವು ಪ್ರಷ್ಯನ್ ನೀಲಿ ಮತ್ತು ಕ್ರೋಮ್ ಹಳದಿ ಸೇರಿಸಿ ಮಾಡಿದವು. ಬಿಸಿಲಿಗೆ ಬಿದ್ದ ಹಸಿರು ಬೇರೆ, ಫಲಕದ ಹಿಂದಿನ ಹಸಿರು ಬೇರೆ. ಫಲಕದ ಹಿಂದಿನದನ್ನೇ ನಂಬಿ. ಅಂತಿಮ ಬಣ್ಣವನ್ನು ದೊಡ್ಡ ತಗಡಿನ ಮೇಲೆ ಬಳಿದು, ಎಂಜಿನ್‌ಗೆ ಒರಗಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ಸಣ್ಣ ಚೂರಿನಲ್ಲಿ ಗಾಢವಾಗಿ ಕಂಡದ್ದು ಟೆಂಡರ್ ತುಂಬ ಬಳಿದಾಗ ತಿಳಿಯಾಗಿ ಕಾಣುತ್ತದೆ.

ಸೀಸ, ಕಲ್ನಾರು: ಇದರಲ್ಲಿ ರಾಜಿ ಬೇಡ

ಹಳೇ ಎಂಜಿನ್‌ನ ಬಣ್ಣದಲ್ಲಿ ಸೀಸ ಇದ್ದೇ ಇದೆ ಅಂತ ಎಣಿಸಿಯೇ ಕೆಲಸ ಶುರುಮಾಡಿ. ಮನೆ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಕೈಗಾರಿಕಾ ಬಣ್ಣದ ಬಗ್ಗೆ ಹೇಳಲೇಬೇಕಿಲ್ಲ.

ಒಣಗಿದ ಬಣ್ಣವನ್ನು ಗ್ರೈಂಡರ್‌ನಿಂದ ಉಜ್ಜಲೇಬೇಡಿ. ಗ್ಯಾಸ್ ಟಾರ್ಚ್‌ನಿಂದ ಸುಡಬೇಡಿ, ಸೀಸದ ಹೊಗೆ ಧೂಳಿಗಿಂತ ಕೆಟ್ಟದ್ದು. ನೀರು ಹಾಕಿ ಉಜ್ಜಿ, ಇಲ್ಲವೇ ಪೇಂಟ್ ರಿಮೂವರ್ ಹಚ್ಚಿ ಸ್ಕ್ರೇಪರ್‌ನಿಂದ ತೆಗೆಯಿರಿ. ಬಟ್ಟೆಯ ಮಾಸ್ಕ್ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಪಿ100 ಫಿಲ್ಟರ್ ಮಾಸ್ಕ್ ಬೇಕು. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದ ಚಕ್ಕೆಯೆಲ್ಲ ಮುಚ್ಚಳವಿರುವ ಡ್ರಮ್‌ಗೆ ತುಂಬಿ. ಅದು ಅಪಾಯಕಾರಿ ತ್ಯಾಜ್ಯ, ಅದರ ದಾರಿಯಲ್ಲೇ ಹೋಗಬೇಕು. ಚರಂಡಿಗೆ, ನಾಲೆಗೆ ಬೇಡ. ಮಂಡ್ಯದ ಕಡೆ ನಾಲೆ ನೀರು ಗದ್ದೆಗೇ ಹೋಗುತ್ತದೆ, ಮರೆಯಬೇಡಿ. ಟೀ, ಬೀಡಿ, ತಿಂಡಿ ಎಲ್ಲ ಕೆಲಸದ ಜಾಗದಿಂದ ದೂರ, ಕೈ ತೊಳೆದ ಮೇಲೆ. ಕೆಲಸದ ಬಟ್ಟೆ ಮನೆಗೆ ಒಯ್ಯಬೇಡಿ. ಮಕ್ಕಳು ಬರುವ ಜಾಗವಾದರೆ ಆ ದಿನಗಳಲ್ಲಿ ಸುತ್ತ ಪರದೆ ಕಟ್ಟಿ ಬಂದ್ ಮಾಡಿ.

ಬಾಯ್ಲರ್ ಮೇಲಿನ ತಗಡಿನ ಹೊದಿಕೆ ಬಿಚ್ಚುವ ಮುಂಚೆ ಯೋಚಿಸಿ. ಒಳಗೆ ಶಾಖ ಹಿಡಿಯಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ತುಂಬಿರಬಹುದು. ಸಂಶಯ ಇದ್ದರೆ ಬಿಚ್ಚಬೇಡಿ, ತೂತು ಕೊರೆಯಬೇಡಿ. ಪರೀಕ್ಷೆ ಮಾಡಿಸಿ, ತೆಗೆಯುವ ಕೆಲಸ ಬಲ್ಲವರಿಗೆ ಬಿಡಿ.

ದಸರಾಗೆ ಮುಗಿಸುವ ಹಟ ಬೇಡ

ಮೈಸೂರಿನಲ್ಲಿ ಏನೇ ಕೆಲಸ ಹಿಡಿದರೂ ದಸರಾಗೆ ರೆಡಿ ಆಗಬೇಕು ಅನ್ನುತ್ತಾರೆ. ಎಂಜಿನ್ ಬಣ್ಣಕ್ಕೆ ಅದಕ್ಕಿಂತ ಕೆಟ್ಟ ಗಡುವು ಇಲ್ಲ. ದಸರಾಗೆ ಮುಗಿಸಬೇಕಾದರೆ ಕೆಲಸವೆಲ್ಲ ಮುಂಗಾರಿನಲ್ಲಿ ಬೀಳುತ್ತದೆ. ಮಳೆಗಾಲದಲ್ಲಿ ಹುಡುಕಾಟ, ಅಳತೆ, ಅಕ್ಷರದ ನಕ್ಷೆ ಮಾಡಿಕೊಳ್ಳಿ. ಲೋಹದ ಕೆಲಸ ದೀಪಾವಳಿ ಕಳೆದು, ಹಿಂಗಾರು ತಗ್ಗಿದ ಮೇಲೆ. ಮೇಲ್ಬಣ್ಣ, ಗೆರೆ, ಅಕ್ಷರ ಎಲ್ಲ ಶಿವರಾತ್ರಿಯ ಹೊತ್ತಿಗೆ ಮುಗಿಯಲಿ. ಯುಗಾದಿ ದಾಟಿದರೆ ಬಿಸಿಲಿಗೆ ಲೋಹ ಮುಟ್ಟಲಾಗಲ್ಲ, ಮೇಲಿಂದ ಅಡ್ಡಮಳೆ ಬೇರೆ.

ಚಳಿಗಾಲದಲ್ಲೂ ಒಂದು ಕಾಟ ಇದೆ, ಇಬ್ಬನಿ. ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆಗೆ ಇಬ್ಬನಿ ಬಿಂದು ಅನ್ನುತ್ತಾರೆ. ಲೋಹದ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ತೇವಾಂಶ ಶೇ. 85 ದಾಟಬಾರದು. ಗಾಳಿ 20 ಡಿಗ್ರಿ, ತೇವಾಂಶ ಶೇ. 80 ಇದ್ದರೆ ಇಬ್ಬನಿ ಬಿಂದು ಸುಮಾರು 16.5. ಆಗ ಲೋಹ 19.5ಕ್ಕಿಂತ ತಣ್ಣಗಿದ್ದರೆ ಬ್ರಶ್ ಮುಟ್ಟಬೇಡಿ. ತೆಳು ತಗಡು ಬೇಗ ಬಿಸಿಯಾಗುತ್ತದೆ. ದಪ್ಪ ಫ್ರೇಮ್, ಚಕ್ರ ಹೊತ್ತು ಏರಿದರೂ ತಣ್ಣಗಿರುತ್ತವೆ. ಅಳೆಯುವಾಗ ಫ್ರೇಮ್ ಅಳೆಯಿರಿ. ಸಂಜೆಯ ಇಬ್ಬನಿ ಬೀಳುವ ಮುಂಚೆ ಮೇಲ್ಬಣ್ಣಕ್ಕೆ ಕೆನೆ ಕಟ್ಟಿರಬೇಕು. ಮಧ್ಯಾಹ್ನ ಮೂರರ ನಂತರ ಹೊಸ ಭಾಗ ಶುರುಮಾಡಬೇಡಿ, ಬೆಳಗಾದರೆ ಹೊಳಪೆಲ್ಲ ಮಂಕಾಗಿರುತ್ತದೆ.

ಲೋಹ ಸಿದ್ಧ ಮಾಡುವುದು

ಮೊದಲು ಒಳಗಿನ ಶತ್ರುವನ್ನು ತೆಗೆಯಿರಿ. ಸ್ಮೋಕ್‌ಬಾಕ್ಸ್, ಅಂದರೆ ಚಿಮಣಿ ಕೆಳಗಿನ ಹೊಗೆ ಪೆಟ್ಟಿಗೆಯ ತಳದಲ್ಲಿ ಹಳೇ ಬೂದಿ, ಮಸಿ ಕೂತಿದ್ದರೆ ಅದರಲ್ಲಿನ ಗಂಧಕ ನೀರು ಸೇರಿ ಆಮ್ಲವಾಗಿ ತಗಡನ್ನು ಒಳಗಿಂದ ತಿನ್ನುತ್ತದೆ. ಹೊರಗೆ ಎಷ್ಟು ಬಳಿದರೂ ತುಕ್ಕು ಉಬ್ಬಿಬರುತ್ತದೆ. ಬೂದಿ ತೆಗೆದು, ಒಣಗಿಸಿ, ಚಿಮಣಿಗೆ ಮಳೆ ಬೀಳದಂತೆ ಒಳಗಿಂದ ತಗಡು ಹಾಕಿ. ಟೆಂಡರ್‌ನಲ್ಲಿ ನೀರು ನಿಲ್ಲುತ್ತಿದ್ದರೆ ಹರಿದುಹೋಗುವ ದಾರಿ ತೆರೆಯಿರಿ.

ಆಮೇಲೆ ಜಿಡ್ಡು. ಚಕ್ರ, ಫ್ರೇಮ್ ಮೇಲಿನ ಹಳೇ ಗ್ರೀಸ್ ಗಾರೆಯಂತೆ ಗಟ್ಟಿಯಾಗಿರುತ್ತದೆ. ಸ್ಕ್ರೇಪರ್‌ನಿಂದ ಎಬ್ಬಿಸಿ, ಡಿಗ್ರೀಸರ್ ಹಾಕಿ, ಬಿಸಿನೀರಿನಿಂದ ತೊಳೆಯಿರಿ. ಜಿಡ್ಡು ತೆಗೆಯದೆ ಉಪ್ಪು ಕಾಗದ ಹಾಕಿದರೆ ಜಿಡ್ಡನ್ನೇ ಎಲ್ಲ ಕಡೆ ಸವರಿದಂತೆ.

ಬರಿ ಲೋಹ ಬರುವವರೆಗೂ ಎಲ್ಲ ಕಡೆ ಕಿತ್ತುಹಾಕಬೇಕೇ? ಬೇಡ. ಗಟ್ಟಿಯಾಗಿ ಅಂಟಿದ ಹಳೇ ಪದರ ಒಳ್ಳೇ ಅಡಿಪಾಯ, ಜೊತೆಗೆ ಮುಂದಿನವರಿಗೆ ಸಾಕ್ಷಿ. ಚಕ್ಕೆ ಏಳುವ ಕಡೆ, ತುಕ್ಕು ಹಿಡಿದ ಕಡೆ ಮಾತ್ರ ಲೋಹದವರೆಗೆ ಹೋಗಿ. ಕಣ್ಣಿಗೆ ಬೀಳದ ಕಡೆ ಒಂದು ಅಂಗೈ ಅಗಲ ಹಳೇ ಪದರಗಳನ್ನು ಹಾಗೇ ಬಿಟ್ಟು, ತೆಳು ವಾರ್ನಿಷ್ ಹಚ್ಚಿ, ಫೈಲ್‌ನಲ್ಲಿ ಗುರುತು ಹಾಕಿ. ಮರಳು ಸಿಡಿಸುವ ಬ್ಲಾಸ್ಟಿಂಗ್ ಬೇಗ ಆಗುತ್ತದೆ ಅಂತ ಆಸೆಯಾಗುತ್ತದೆ. ಆದರೆ ಮರಳಿನ ಧೂಳು ಶ್ವಾಸಕೋಶಕ್ಕೆ ವಿಷ, ಬೇರಿಂಗ್‌ಗಳ ಒಳಗೂ ಹೋಗಿ ಕೂರುತ್ತದೆ. ಬಿಡಿಭಾಗ ಬಿಚ್ಚಿ ಕಾರ್ಖಾನೆಗೆ ಒಯ್ಯುವಂತಿದ್ದರೆ ಸರಿ, ನಿಂತ ಜಾಗದಲ್ಲಿ ನಾನಂತೂ ಬೇಡ ಅನ್ನುತ್ತೇನೆ.

ಬರಿ ಲೋಹ ಕಂಡ ಜಾಗಕ್ಕೆ ಅದೇ ದಿನ ಪ್ರೈಮರ್ ಬೀಳಲೇಬೇಕು. ಬೆಳಿಗ್ಗೆ ಎಷ್ಟು ಉಜ್ಜಿದಿರೋ ಮಧ್ಯಾಹ್ನಕ್ಕೆ ಅಷ್ಟಕ್ಕೂ ಪ್ರೈಮರ್ ಅಂತ ಲೆಕ್ಕ ಇಟ್ಟುಕೊಂಡು ಭಾಗಭಾಗವಾಗಿ ಹೋಗಿ.

ಕೋಟ್ ಮೇಲೆ ಕೋಟ್

ಎಪಾಕ್ಸಿ ಪ್ರೈಮರ್ ಮೇಲೆ ಪಾಲಿಯುರೆಥೇನ್ ಬಣ್ಣ ಹೊಡೆದರೆ ಬಿಸಿಲಿಗೆ ಜಾಸ್ತಿ ವರ್ಷ ಬರುತ್ತದೆ, ನಿಜ. ಆದರೆ ಅವುಗಳ ಥಿನ್ನರ್ ಹಳೇ ಎನಾಮಲ್ ಪದರವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಪಾಲಿಯುರೆಥೇನ್ ಸ್ಪ್ರೇ ಮಾಡುವಾಗ ಬರುವ ಐಸೋಸಯನೇಟ್ ಅನ್ನುವ ವಿಷಕ್ಕೆ ಹೊರಗಿಂದ ಗಾಳಿ ಕೊಡುವ ಮಾಸ್ಕ್ ಬೇಕು. ಹವ್ಯಾಸಿ ತಂಡಕ್ಕೆ ನನ್ನ ಸಲಹೆ ಜಿಂಕ್ ಫಾಸ್ಫೇಟ್ ಪ್ರೈಮರ್, ಒಳ್ಳೇ ಸಿಂಥೆಟಿಕ್ ಎನಾಮಲ್, ಮತ್ತು ಬ್ರಶ್. ಉಗಿ ಕಾಲದಲ್ಲೂ ಬ್ರಶ್‌ನಲ್ಲೇ ಹೊಡೆಯುತ್ತಿದ್ದರು.

ಪ್ರೈಮರ್ ಎರಡು ಕೋಟ್. ಅಂಚು, ರಿವೆಟ್ ತಲೆ, ಬೋಲ್ಟ್‌ಗಳಿಗೆ ಮೊದಲು ಸಣ್ಣ ಬ್ರಶ್‌ನಲ್ಲಿ ಬೇರೆಯಾಗಿ ಒಂದು ಕೈ. ಚೂಪು ಅಂಚಿನಲ್ಲಿ ಬಣ್ಣ ನಿಲ್ಲದೆ ಜಾರುತ್ತದೆ, ತುಕ್ಕು ಶುರುವಾಗುವುದೂ ಅಲ್ಲೇ. ಪುಟ್ಟಿ ಕ್ಯಾಬ್ ಬದಿ, ಟೆಂಡರ್ ಬದಿಗೆ ಮಾತ್ರ, ತೆಳ್ಳಗೆ. ಉಬ್ಬುತಗ್ಗೆಲ್ಲ ತುಂಬಿ ಕಾರಿನಂತೆ ನುಣುಪು ಮಾಡಬೇಡಿ, ಆಮೇಲೆ ಅದು ಕಬ್ಬಿಣದಂತೆ ಕಾಣಲ್ಲ. ರಿವೆಟ್ ಸಾಲು ಮುಚ್ಚಿಹೋದರಂತೂ ದೊಡ್ಡ ಲೋಪ.

ಬಣ್ಣ ಎಷ್ಟು ತರಬೇಕು ಅಂತ ಅಳೆದು ಲೆಕ್ಕ ಹಾಕಿ. ಟೆಂಡರ್‌ನ ಒಂದು ಬದಿ 5 ಮೀಟರ್ ಉದ್ದ, 1.5 ಮೀಟರ್ ಎತ್ತರ ಅಂದುಕೊಳ್ಳಿ. ಎರಡೂ ಬದಿಗೆ 15 ಚದರ ಮೀಟರ್. ಎನಾಮಲ್ ಲೀಟರ್‌ಗೆ ಸುಮಾರು 10 ಚದರ ಮೀಟರ್ ಬರುತ್ತದೆ. ಒಂದು ಕೋಟ್‌ಗೆ ಒಂದೂವರೆ ಲೀಟರ್. ಒಂದೇ ಬ್ಯಾಚಿನ ಡಬ್ಬಗಳನ್ನೇ ಕೊಳ್ಳಿ. ಆದರೂ ಎಲ್ಲವನ್ನೂ ದೊಡ್ಡ ಪಾತ್ರೆಗೆ ಸುರಿದು ಕಲಸಿ ಶುರುಮಾಡಿ.

ಮೇಲ್ಬಣ್ಣಕ್ಕೆ ಇಬ್ಬರು ಬೇಕು. ಒಬ್ಬರು ಬಣ್ಣ ಹರಡುತ್ತಾ ಹೋಗಬೇಕು, ಹಿಂದೆಯೇ ಇನ್ನೊಬ್ಬರು ಒಣ ತುದಿಯ ಅಗಲ ಬ್ರಶ್‌ನಿಂದ ಮೇಲಿಂದ ಕೆಳಕ್ಕೆ ಹಗುರಾಗಿ ಎಳೆಯಬೇಕು. ಒದ್ದೆ ಅಂಚು ಒಣಗುವ ಮುಂಚೆ ಮುಂದಿನ ಪಟ್ಟಿ ಸೇರಬೇಕು. ನಡುವೆ ಫೋನ್ ಬಂದರೆ ತೆಗೆಯಬೇಡಿ. ಒಂದು ಫಲಕ ಶುರುಮಾಡಿದರೆ ಮೂಲೆವರೆಗೆ ಮುಗಿಸಿಯೇ ನಿಲ್ಲಿಸಿ. ಮರುದಿನ 400 ಅಥವಾ 600 ನಂಬರಿನ ಕಾಗದದಿಂದ ಹಗುರಾಗಿ ಉಜ್ಜಿ, ಒರೆಸಿ, ಇನ್ನೊಂದು ಕೋಟ್.

ಸ್ಮೋಕ್‌ಬಾಕ್ಸ್ ಮತ್ತು ಚಿಮಣಿಗೆ ಅರೆಹೊಳಪಿನ ಕಪ್ಪು. ಬಾಯ್ಲರ್‌ನಷ್ಟು ಮಿಂಚಬಾರದು. ಬೆಂಕಿ ಹಾಕದ ಎಂಜಿನ್‌ಗೆ ಸಾಮಾನ್ಯ ಬಣ್ಣ ಸಾಕು. ಮುಂದೆ ಉಗಿ ಏಳಿಸುವ ಯೋಚನೆ ಇದ್ದರೆ ಶಾಖ ತಾಳುವ ಸಿಲಿಕೋನ್ ಬಣ್ಣ ಬೇಕು.

ಗೆರೆ ಮತ್ತು ಅಕ್ಷರ

ನಿಮ್ಮ ಸಾಕ್ಷಿಯಲ್ಲಿ ಗೆರೆ ಇದ್ದರೆ ಮಾತ್ರ ಗೆರೆ ಎಳೆಯಿರಿ. ಇಲ್ಲದ ಕಡೆ ಸುಮ್ನೆ ಅಂದಕ್ಕೆ ಹಳದಿ ಪಟ್ಟಿ ಬೇಡ.

ನೇರ ಗೆರೆಗೆ ಸೀಮೆಸುಣ್ಣ ಸವರಿದ ದಾರ ಹಿಡಿದು ಚಿಮ್ಮಿಸಿ ಗುರುತು ಮಾಡಿ. ಮೂಲೆಯ ದುಂಡಗಿನ ತಿರುವಿಗೆ ರಟ್ಟಿನ ಅಚ್ಚು ಕತ್ತರಿಸಿ, ಎಲ್ಲ ಮೂಲೆಗೂ ಅದೇ ಅಚ್ಚು. ತೆಳು ವಿನೈಲ್ ಟೇಪ್ ಹಚ್ಚಿ ನಡುವೆ ಬಣ್ಣ ತುಂಬುವುದು ಹೊಸಬರಿಗೆ ಸುಲಭ. ಟೇಪನ್ನು ಬಣ್ಣ ಪೂರ್ತಿ ಒಣಗುವ ಮುಂಚೆ, ಬೆರಳಿಗೆ ಅಂಟಂಟಾದಾಗ, ಹಿಂದಕ್ಕೆ ಮಡಚಿ ಎಳೆಯಿರಿ.

ಹಳೇ ಬೋರ್ಡ್ ಬರೆಯುವವರು ಸಿಕ್ಕರೆ ಈ ಕೆಲಸ ಅವರಿಗೇ ಕೊಡಿ. ಮೈಸೂರಿನಲ್ಲಿ ಇನ್ನೂ ಅಂಥವರಿದ್ದಾರೆ. ಉದ್ದ ಕೂದಲಿನ ಬ್ರಶ್‌ಗೆ ಬಣ್ಣ ತುಂಬಿ, ಕಿರುಬೆರಳನ್ನು ತಗಡಿಗೆ ಊರಿ, ಉಸಿರು ಬಿಗಿಹಿಡಿದು ಇಡೀ ತೋಳನ್ನು ಎಳೆದರೆ ಮೂರು ಮಿಲಿಮೀಟರ್ ಗೆರೆ ಆಚೆ ತುದಿಯವರೆಗೂ ಅಷ್ಟೇ ಅಗಲ ಇರುತ್ತದೆ. ಅವರು ನೋಡುವುದು ಬ್ರಶ್ ತುದಿಯನ್ನಲ್ಲ, ಒಂದು ಗೇಣು ಮುಂದಿನ ಗುರುತನ್ನು.

ಅಕ್ಷರಕ್ಕೆ ಬೆಣ್ಣೆ ಕಾಗದದ ನಕಲು ಉಪಯೋಗಕ್ಕೆ ಬರುವುದು ಈಗ. ಅಕ್ಷರದ ಅಂಚಿನ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚಿ, ತಗಡಿಗೆ ಅಂಟಿಸಿ, ಬಟ್ಟೆಯ ಗಂಟಿನಲ್ಲಿ ಸೀಮೆಸುಣ್ಣದ ಪುಡಿ ಕಟ್ಟಿ ತಟ್ಟಿ. ತೂತಿನ ರಂಗೋಲಿ ಅಚ್ಚಿನಂತೆಯೇ, ಕಾಗದ ತೆಗೆದರೆ ಚುಕ್ಕಿಯಲ್ಲಿ ಅಕ್ಷರ ನಿಂತಿರುತ್ತದೆ. ಕಂಪ್ಯೂಟರ್‌ನಲ್ಲಿ ಹತ್ತಿರದ ಫಾಂಟ್ ಹುಡುಕಿ ಸ್ಟಿಕ್ಕರ್ ಕತ್ತರಿಸಬೇಡಿ. ಹಳೇ ಕೈಬರಹದ 5, 2, 7ರ ತಿರುವು ಯಾವ ಫಾಂಟ್‌ನಲ್ಲೂ ಸಿಗಲ್ಲ.

ಸಾಕ್ಷಿಯಲ್ಲಿ ಚಿನ್ನದ ಅಕ್ಷರ ಸಿಕ್ಕರೆ ಚಿನ್ನದ ಬಣ್ಣದ ಡಬ್ಬ ತರಬೇಡಿ. ಅದರಲ್ಲಿರುವುದು ಹಿತ್ತಾಳೆಯಂಥ ಪುಡಿ, ಕೆಲವೇ ಮಳೆಗೆ ಕಂದಾಗುತ್ತದೆ. ಚಿನ್ನದ ರೇಕು ಹಚ್ಚುವುದು ಮೈಸೂರು ಶೈಲಿಯ ಚಿತ್ರಕಾರರಿಗೆ ದಿನನಿತ್ಯದ ಕೆಲಸ. ಹೊರಗಿನ ಗಾಳಿಮಳೆಗೆ ತಾಳುವ ಅಂಟು ಮಾತ್ರ ಬೇರೆ, ಅದನ್ನು ಮೊದಲು ತಗಡಿನ ತುಂಡಿನಲ್ಲಿ ಮಾಡಿನೋಡಲಿ.

ಬಣ್ಣ ಮುಟ್ಟಬಾರದ ಕಡೆ, ಮತ್ತು ಮುಂದಿನ ಆರೈಕೆ

ಚಕ್ರಗಳನ್ನು ಜೋಡಿಸುವ ರಾಡ್, ಸ್ಲೈಡ್ ಬಾರ್, ಪಿಸ್ಟನ್ ರಾಡ್ ಇವು ಸಾಮಾನ್ಯವಾಗಿ ಬರಿ ಉಕ್ಕು. ಅಲ್ಲಿ ಹಳೇ ಬೆಳ್ಳಿ ಬಣ್ಣ ಇದ್ದರೆ ರಿಮೂವರ್‌ನಿಂದ ತೆಗೆದು, ತುಕ್ಕು ತಡೆಯುವ ಎಣ್ಣೆ ಅಥವಾ ಮೇಣ ಹಚ್ಚಿ. ಹಿತ್ತಾಳೆ ಫಲಕದ ಅಕ್ಷರದ ನಡುವೆ ಕೂತ ಬಣ್ಣವನ್ನು ಸೂಜಿಯಿಂದ ಕೆರೆಯಬೇಡಿ, ರಿಮೂವರ್ ಹಚ್ಚಿ ಕಾದು ಮರದ ಕಡ್ಡಿಯಿಂದ ತೆಗೆಯಿರಿ. ಗ್ರೀಸ್ ತುಂಬುವ ನಿಪ್ಪಲ್, ಎಣ್ಣೆ ಕಪ್‌ಗಳ ಬಾಯಿ ಮುಚ್ಚದಂತೆ ನೋಡಿಕೊಳ್ಳಿ.

ಆಮೇಲೆ ಪ್ರತಿ ವರ್ಷ ಹೊಸ ಕೋಟ್ ಹೊಡೆಯುವ ಚಟ ಬಿಡಬೇಕು. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಸೌಮ್ಯ ಸೋಪಿನಿಂದ ತೊಳೆದು ಮೇಣ ಹಚ್ಚಿ. ಕೆರೆದುಹೋದ ಕಡೆ ಮಾತ್ರ ತೇಪೆ ಹಾಕಿ. ಅದಕ್ಕೆ ಅದೇ ಬ್ಯಾಚಿನ ಒಂದು ಲೀಟರ್ ಎತ್ತಿಟ್ಟಿರಿ.

ಆಯುಧಪೂಜೆ ಬೇಡ ಅನ್ನಲು ಯಾರಿಗೂ ಬಾಯಿ ಬರಲ್ಲ, ಬರಬೇಕಾಗಿಯೂ ಇಲ್ಲ. ಎಣ್ಣೆ ಕಲಸಿದ ಕುಂಕುಮವನ್ನು ಬಣ್ಣದ ಮೇಲೆ ಇಡದೆ ಬಫರ್ ಮೇಲೆ ಇಟ್ಟ ಬಾಳೆಲೆಗೆ ಇಡಿ. ಹಾರವನ್ನು ತಂತಿಯಿಂದ ಬಿಗಿಯದೆ ದಾರದಿಂದ ಕಟ್ಟಿ. ಬೂದುಗುಂಬಳ, ತೆಂಗಿನಕಾಯಿ ಒಡೆಯುವುದು ಹಳಿಯ ಪಕ್ಕದ ಕಲ್ಲಿನ ಮೇಲಾಗಲಿ. ಮಾರನೇ ದಿನವೇ ಎಲ್ಲ ತೆಗೆದು ಒರೆಸಿಬಿಡಿ, ಒಣಗಿದ ಚೆಂಡುಹೂವಿನ ಕಲೆ ತಿಳಿ ಗೆರೆಗಳ ಮೇಲಿಂದ ಹೋಗಲ್ಲ.

ಕೊನೆಯದಾಗಿ ಫೈಲ್. ಪದರಗಳ ಫೋಟೋ, ಬಣ್ಣದ ನಂಬರು, ಡಬ್ಬದ ಬ್ಯಾಚ್, ಗೆರೆಯ ಅಳತೆ, ಅಕ್ಷರದ ನಕ್ಷೆ, ಯಾವ ನಿರ್ಧಾರ ಯಾಕೆ ತೆಗೆದುಕೊಂಡಿರಿ ಅನ್ನುವುದು, ಎಲ್ಲದರ ಒಂದು ಪ್ರತಿ ಎಂಜಿನ್ ಒಡೆಯರ ಕಚೇರಿಗೆ, ಇನ್ನೊಂದು ನಿಮ್ಮ ತಂಡಕ್ಕೆ. ಅಂತಿಮ ಬಣ್ಣ ಬಳಿದ ಒಂದು ತಗಡಿನ ತುಂಡನ್ನು ಕಾಗದದಲ್ಲಿ ಸುತ್ತಿ, ಹಿಂದೆ ತಾರೀಕು ಬರೆದು, ಬಿಸಿಲು ಬೀಳದ ಬೀರುವಿನಲ್ಲಿ ಆ ಫೈಲ್ ಜೊತೆಗೇ ಇಡಿ. ಮುಂದಿನ ಸಲ ಬಣ್ಣ ಹೊಂದಿಸುವವರು ಮಾಸಿದ ಟೆಂಡರ್ ಬದಲು ಅದನ್ನು ನೋಡಿ ಹೊಂದಿಸಬಹುದು.